ಶಿಕಾರಿಯ ಬಂದೂಕು ಮತ್ತು ಬೋರಿನ ಲೆಕ್ಕ

ಯಾವ ಪ್ರಾಣಿಗೆ ಯಾವ ಬಂದೂಕು, ಎಷ್ಟು ಬೋರಿನದು? ಶಿಕಾರಿಯ ಶೋಕಿ ಇದ್ದವರ ನಡುವೆ ಒಂದು ಕಾಲಕ್ಕೆ ಇದು ಮುಗಿಯದ ವಾದವಾಗಿತ್ತು. ಹುಲಿಗೆ ಇಂಥದ್ದೇ ಬೇಕು ಎಂದು ಒಬ್ಬರು, ಅದು ಕಾಡುಕೋಣಕ್ಕೆ ಸಾಲದು ಎಂದು ಇನ್ನೊಬ್ಬರು, ಬೋರು ಯಾವುದಾದರೇನು, ಗುಂಡು ಎಲ್ಲಿ ಬಿತ್ತು ಎಂಬುದೇ ಮುಖ್ಯ ಎಂದು ಮತ್ತೊಬ್ಬರು. ಉರ್ದು ಮತ್ತು ಕನ್ನಡ ಎರಡನ್ನೂ ಓದಿದ ನಮ್ಮಂಥವರಿಗೆ ಈ ವಾದ ಎರಡು ಬಾಗಿಲಿನಿಂದ ಬಂತು. ಉರ್ದುವಿನಲ್ಲಿ ‘ಶಿಕಾರಿಯಾತ್’ ಎಂಬ ಹೆಸರಿನ ದೊಡ್ಡ ಸಾಹಿತ್ಯವೇ ಇದೆ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್‌ರನ್ನು ಮನೆಮಾತಾಗಿಸಿದರು. ಕೆದಂಬಾಡಿ ಜತ್ತಪ್ಪ ರೈಯವರ ‘ಬೇಟೆಯ ನೆನಪುಗಳು’ ಓದದ ಹಳಬರು ಕಡಿಮೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಹಾಗಾಗಬೇಕಾದದ್ದೇ. ಆದರೆ ಬೋರಿನ ವಾದವನ್ನು ಬೇಟೆಗಾರರ ಹರಟೆ ಎಂದು ಬದಿಗಿಡುವುದು ಸರಿಯಲ್ಲ. ಅದರೊಳಗೆ ಯಾರ ಕೈಯಲ್ಲಿ ಯಾವ ಬಂದೂಕು ಇರಬಹುದು, ಯಾರ ಕೈಯಲ್ಲಿ ಇರಕೂಡದು ಎಂಬ ಅಧಿಕಾರದ ಇತಿಹಾಸವೂ ಅಡಗಿದೆ. ಆ ಇತಿಹಾಸಕ್ಕೆ ನಮ್ಮ ರಾಯಚೂರು ಸೀಮೆಯೂ ಒಂದು ಸಾಕ್ಷಿ.

ಮೊದಲು ಶಬ್ದದಿಂದಲೇ ಆರಂಭಿಸೋಣ. ‘ಬಂದೂಕು’ ಅರಬಿಯ ‘ಬುಂದುಕ್’ನಿಂದ ಬಂದದ್ದು. ಅದು ಗೋಲಿಯಂಥ ಒಂದು ಕಾಯಿಯ ಹೆಸರು. ಆ ಕಾಯಿಯ ಗಾತ್ರದ ಮಣ್ಣಿನ ಉಂಡೆಯನ್ನು ಬಿಲ್ಲಿನಿಂದ ಹಕ್ಕಿಗಳಿಗೆ ಎಸೆಯುತ್ತಿದ್ದರು. ಉಂಡೆಯ ಹೆಸರು ಮುಂದೆ ಅದನ್ನು ಹಾರಿಸುವ ಆಯುಧಕ್ಕೆ ನಿಂತಿತು. ‘ತುಪಾಕಿ’ ತುರ್ಕಿಯಿಂದ ಬಂದದ್ದು, ‘ಶಿಕಾರಿ’ ಪಾರಸಿಯದು. ಈ ಶಬ್ದಗಳ ದಾರಿಯನ್ನೇ ನೋಡಿದರೆ ಸಿಡಿಮದ್ದಿನ ಆಯುಧ ದಖ್ಖನಿಗೆ ಎಲ್ಲೆಲ್ಲಿಂದ ಬಂತೆಂಬ ಅಂದಾಜು ಸಿಗುತ್ತದೆ.

ಆ ಆಯುಧ ನಮ್ಮ ಚರಿತ್ರೆಯಲ್ಲಿ ಎದ್ದು ಕಾಣುವುದು ರಾಯಚೂರಿನ ಕೋಟೆಯ ಮುಂದೆಯೇ. 1520ರಲ್ಲಿ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ನಡುವೆ ಕೃಷ್ಣಾ-ತುಂಗಭದ್ರಾ ದೋಆಬಿಗಾಗಿ ನಡೆದ ಯುದ್ಧವನ್ನು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ಬಿಜಾಪುರದ ಬಳಿ ತೋಪುಗಳು ಹೆಚ್ಚಿದ್ದವು. ಆದರೂ ಬಯಲಿನ ಯುದ್ಧದಲ್ಲಿ ಇಸ್ಮಾಯಿಲ್ ಸೋತು ಕೃಷ್ಣೆ ದಾಟಿ ಹೋಗಬೇಕಾಯಿತು. ನಂತರ ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ತೋವಾವೊ ದ ಫಿಗರೇದೊ ಎಂಬ ಪೋರ್ಚುಗೀಸನು ತನ್ನ ಕೆಲವೇ ಬಂದೂಕುದಾರರೊಂದಿಗೆ ಗೋಡೆಯ ಮೇಲಿನಿಂದ ಬಗ್ಗಿ ನೋಡಿದವರನ್ನು ಒಬ್ಬೊಬ್ಬರಾಗಿ ಹೊಡೆದುರುಳಿಸಿದ. ಕೋಟೆಯ ಅಧಿಕಾರಿಯೂ ಹಾಗೇ ಹಣೆಗೆ ಗುಂಡು ತಗುಲಿ ಸತ್ತ. ಆ ಮೇಲೆ ಕೋಟೆ ಉಳಿಯಲಿಲ್ಲ. ಇತಿಹಾಸಕಾರ ರಿಚರ್ಡ್ ಈಟನ್ 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕಾಳಗವನ್ನು ದಖ್ಖನಿನಲ್ಲಿ ಸಿಡಿಮದ್ದಿನ ಆಯುಧಗಳ ಚರಿತ್ರೆಯ ಮುಖ್ಯ ಘಟ್ಟವೆಂದು ಚರ್ಚಿಸಿದ್ದಾರೆ. ಶಿಕಾರಿಯ ಭಾಷೆಯಲ್ಲಿ ಹೇಳುವುದಾದರೆ, ದೊಡ್ಡ ಬೋರಿನ ತೋಪು ಮಾಡಲಾಗದ್ದನ್ನು ಸಣ್ಣ ಬೋರಿನ ಗುರಿ ಮಾಡಿತು. ‘ದೊಡ್ಡದೋ, ಗುರಿಯೋ’ ಎಂಬ ವಾದದ ಎರಡೂ ಪಕ್ಷಗಳು ಆ ಒಂದೇ ಬೇಸಿಗೆಯಲ್ಲಿ ನಮ್ಮ ಊರಿನ ಮುಂದೆ ನಿಂತಿದ್ದವು.

ಇನ್ನು ಬೋರು ಎಂದರೇನು? ನಮ್ಮ ಕಡೆ ‘ಬಾರಾ ಬೋರ್’ ಬಂದೂಕು ಎನ್ನುತ್ತಾರಲ್ಲ, ಅದರ ಅರ್ಥ ಸರಳ. ಒಂದು ಪೌಂಡು ಸೀಸದಿಂದ ಸಮನಾದ 12 ಉಂಡೆ ಮಾಡಿದರೆ ಅದರಲ್ಲಿ ಒಂದು ಉಂಡೆ ಯಾವ ನಳಿಗೆಗೆ ಸರಿಯಾಗಿ ಕೂಡುತ್ತದೆಯೋ ಅದು 12 ಬೋರು. ಒಂದು ಉಂಡೆಯ ತೂಕ ಸುಮಾರು 38 ಗ್ರಾಂ, ನಳಿಗೆಯ ಬಾಯಿ ಸುಮಾರು 18.5 ಮಿಲಿಮೀಟರು. 8 ಬೋರಾದರೆ ಉಂಡೆ 57 ಗ್ರಾಂ. 4 ಬೋರಾದರೆ 113 ಗ್ರಾಂ. ಹೀಗಾಗಿ ಸಂಖ್ಯೆ ಇಳಿದಷ್ಟೂ ಬಂದೂಕು ದೊಡ್ಡದು. ರೈಫಲಿನ ಲೆಕ್ಕ ಬೇರೆ. ಅಲ್ಲಿ ನಳಿಗೆಯ ಅಗಲವನ್ನು ಇಂಚಿನ ದಶಾಂಶದಲ್ಲಿ ಹೇಳುತ್ತಾರೆ. .275 ಎಂದರೆ ಏಳು ಮಿಲಿಮೀಟರು, .375 ಎಂದರೆ ಒಂಬತ್ತೂವರೆ, .500 ಎಂದರೆ 12.7.

ಕರಿಮದ್ದಿನ ಕಾಲದಲ್ಲಿ ಗುಂಡಿನ ವೇಗವನ್ನು ಹೆಚ್ಚಿಸಲು ಒಂದು ಮಿತಿ ಇತ್ತು. ಬಲ ಬೇಕೆಂದರೆ ಗುಂಡಿನ ತೂಕವನ್ನೇ ಹೆಚ್ಚಿಸಬೇಕು. ಮೈಸೂರು ಸಂಸ್ಥಾನದಲ್ಲಿ 1870ರ ದಶಕದಲ್ಲಿ ಆನೆಗಳ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಆನೆ ಮತ್ತು ಕಾಡುಕೋಣಕ್ಕೆ 4 ಮತ್ತು 8 ಬೋರಿನ ಭಾರಿ ಬಂದೂಕುಗಳ ಮಾತಾಡುತ್ತಾನೆ. ಸಿಲೋನಿನಲ್ಲಿ ಆನೆ ಬೇಟೆಯಾಡಿ ಮುಂದೆ ಆಫ್ರಿಕಾಕ್ಕೆ ಹೋದ ಸ್ಯಾಮ್ಯುಯೆಲ್ ಬೇಕರ್ ಬಳಿ ಅರ್ಧ ಪೌಂಡಿನ ಗುಂಡು ಹಾರಿಸುವ ಒಂದು ಬಂದೂಕಿತ್ತು. ಅವನ ಅರಬ್ ಸೇವಕರು ಅದಕ್ಕೆ ‘ತೋಪಿನ ಕೂಸು’ ಎಂಬ ಅರ್ಥದ ಹೆಸರಿಟ್ಟಿದ್ದರು. ಹಾರಿಸಿದಾಗಲೆಲ್ಲ ಅದು ಬೇಕರನನ್ನೇ ಗಾಳಿಗೆ ಸಿಕ್ಕ ಗಿರಗಟ್ಟಲೆಯಂತೆ ತಿರುಗಿಸಿಬಿಡುತ್ತಿತ್ತು. ಆಳುಗಳಿಗೂ ಅದನ್ನು ಮುಟ್ಟಲು ಹೆದರಿಕೆ, ಯಜಮಾನನಿಗೂ ಹೆದರಿಕೆ.

1890ರ ದಶಕದಲ್ಲಿ ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂದು ಈ ಲೆಕ್ಕ ತಲೆಕೆಳಗಾಯಿತು. 1898ರಲ್ಲಿ ಲಂಡನ್ನಿನ ಜಾನ್ ರಿಗ್ಬಿ ಕಂಪನಿ ತಂದ .450 ನೈಟ್ರೋ ಎಕ್ಸ್‌ಪ್ರೆಸ್ ರೈಫಲಿನ ಗುಂಡು ಬರೀ 31 ಗ್ರಾಂ. ಆದರೆ ಅದು ಸೆಕೆಂಡಿಗೆ ಸುಮಾರು 655 ಮೀಟರು ವೇಗದಲ್ಲಿ ಹೋಗುತ್ತಿತ್ತು. 113 ಗ್ರಾಮಿನ ಉಂಡೆ ಮಾಡುತ್ತಿದ್ದ ಕೆಲಸವನ್ನು ಅದು ಹೆಗಲು ಮುರಿಯದೆ ಮಾಡತೊಡಗಿತು. ಆಂಡರ್ಸನ್ ಕಥೆಗಳ ಓದುಗರಿಗೆ ಪರಿಚಿತವಾದ .405 ವಿಂಚೆಸ್ಟರ್ 1904ರಲ್ಲಿ ಬಂತು. .375 ಮ್ಯಾಗ್ನಂ ಬಂದದ್ದು 1912ರಲ್ಲಿ. ಇನ್ನೊಂದು ಕಡೆ ಆಫ್ರಿಕಾದಲ್ಲಿ ಬೆಲ್ ಎಂಬ ಸ್ಕಾಟ್ಲೆಂಡಿನವನು ನೂರಾರು ಆನೆಗಳನ್ನು .275ರ ಸಣ್ಣ ರೈಫಲಿನಿಂದಲೇ ಕೊಂದ. ಆನೆಯ ತಲೆಬುರುಡೆಯೊಳಗೆ ಮಿದುಳು ಎಲ್ಲಿದೆ ಎಂದು ಅವನು ಕೂಲಂಕಷವಾಗಿ ಅಭ್ಯಾಸ ಮಾಡಿದ್ದ. ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕಾರ್ಬೆಟ್ 1926ರಲ್ಲಿ ಹೊಡೆದದ್ದೂ .275ರಿಂದಲೇ.

ಗುಂಡಿನ ತುದಿಯದೂ ಒಂದು ಕಥೆ. ಆನೆ, ಕಾಡುಕೋಣದ ದಪ್ಪ ಚರ್ಮಕ್ಕೆ ಒಳಹೊಕ್ಕು ಹೋಗುವ ಗಟ್ಟಿ ಗುಂಡು ಬೇಕು. ಹುಲಿ, ಚಿರತೆಗೆ ಒಳಗೆ ಹೋಗಿ ಅರಳುವ ಮೆತ್ತನೆ ಮೂತಿಯ ಗುಂಡು ಬೇಕು. ಈ ಅರಳುವ ಗುಂಡಿಗೆ ಜಗತ್ತಿನಾದ್ಯಂತ ಅಂಟಿಕೊಂಡ ಹೆಸರು ‘ದಮ್ ದಮ್’. ಕಲಕತ್ತೆಯ ಬಳಿಯ ದಮ್ ದಮ್ ಕಾರ್ಖಾನೆಯಲ್ಲಿ ಅದು ತಯಾರಾದದ್ದು ವಾಯವ್ಯ ಗಡಿಯ ಪಠಾಣರ ಮೇಲೆ ಹಾರಿಸಲಿಕ್ಕೆ. 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಪ್ರಾಣಿಗೆ ಬೇಗ ಸಾವು ಬರಲಿ ಎಂದು ಬೇಟೆಗಾರ ಆರಿಸಿಕೊಳ್ಳುತ್ತಿದ್ದ ಗುಂಡಿನ ಹೆಸರು ಮನುಷ್ಯರ ಮೇಲಿನ ಪ್ರಯೋಗದಿಂದ ಬಂದದ್ದೆಂಬುದನ್ನು ಶಿಕಾರಿಯ ಪುಸ್ತಕಗಳು ಹೆಚ್ಚಾಗಿ ಹೇಳುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಬಂದೂಕುಗಳೆಲ್ಲ ಯಾರ ಕೈಯಲ್ಲಿದ್ದವು?

ಸುರಪುರ, ದೇವದುರ್ಗಗಳ ಬೇಡ ನಾಯಕರು ಮತ್ತು ಅವರ ಜನ ಗುರಿಕಾರರೆಂದು ಹೆಸರಾದವರು. 1842ರಿಂದ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಅವರ ಬಗ್ಗೆ ಬಹಳ ಬರೆದಿದ್ದಾನೆ. ಅವರ ಆಯುಧ ಬತ್ತಿ ಹಚ್ಚಿ ಹಾರಿಸುವ ತೋಡೆದಾರ್ ಬಂದೂಕು. ಬೇಟೆಯೂ ಅದರಿಂದಲೇ, ಊರ ಕಾವಲೂ ಅದರಿಂದಲೇ. 1853ರಲ್ಲಿ ರಾಯಚೂರು ದೋಆಬು ನಿಜಾಮರಿಂದ ಬ್ರಿಟಿಷರ ವಶಕ್ಕೆ ಹೋಯಿತು. 1860ರಲ್ಲಿ ಹಿಂದಿರುಗಿತು. ಈ ಏಳು ವರ್ಷಗಳ ನಡುವೆಯೇ 1857 ಬಂತು, ನಿಶ್ಶಸ್ತ್ರೀಕರಣದ ಕಾಯ್ದೆಯೂ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದರು. 1857ರ ನವೆಂಬರಿನಲ್ಲಿ ಫೌಜು ಊರಿಗೆ ಬೆಂಕಿಯಿಟ್ಟಿತು. ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಲಾವಣಿ ಇಂದಿಗೂ ಉತ್ತರ ಕರ್ನಾಟಕದಲ್ಲಿ ಹಾಡಿಕೆಯಲ್ಲಿದೆ.

ನಾಲ್ಕು ವರ್ಷದ ನಂತರ, 1861ರಲ್ಲಿ, ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದೇ ಸರ್ಕಾರ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕೋವಿ ಅವರ ಹಬ್ಬದ, ಹುಟ್ಟು-ಸಾವಿನ ಭಾಗ. ಅದು ಅವರಲ್ಲಿ ಉಳಿದದ್ದಕ್ಕೆ ನಮಗೆ ಯಾವ ತಕರಾರೂ ಇಲ್ಲ. ಬೇಡರ ಹುಟ್ಟು-ಸಾವಿನಲ್ಲೂ ಆಯುಧ ಇತ್ತು ಎಂಬುದನ್ನಷ್ಟೇ ನೆನಪಿಸುತ್ತೇವೆ. ಒಬ್ಬರದು ಸಂಪ್ರದಾಯ, ಇನ್ನೊಬ್ಬರದು ಬಂಡಾಯ ಎಂದು ತೀರ್ಮಾನಿಸಿದ್ದು ಅಂದಿನ ಸರ್ಕಾರದ ನಂಬಿಕೆ ಮತ್ತು ಭಯ.

1878ರ ಆಯುಧ ಕಾಯ್ದೆ ಈ ಭಯಕ್ಕೆ ಖಾಯಂ ರೂಪ ಕೊಟ್ಟಿತು. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ. ನಿಜಾಮರ ರಾಜ್ಯಕ್ಕೆ ನೇರವಾಗಿ ಸೇರಿದ್ದಲ್ಲ. ಆದರೆ ಹೈದರಾಬಾದಿಗೆ ಸ್ವಂತ ಬಂದರು ಇರಲಿಲ್ಲ. ಲಂಡನ್ನಿನ ರೈಫಲು ಮತ್ತು ಕಾರ್ತೂಸು ಬ್ರಿಟಿಷರ ಬಂದರಿನಲ್ಲಿ ಇಳಿದೇ ಬರಬೇಕು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಹೆಸರಾಂತ ಶಿಕಾರಿ. ವೈಸರಾಯ್ ಕರ್ಜನ್ 1902ರಲ್ಲಿ ಹೈದರಾಬಾದಿನ ಶಿಕಾರಿಯಲ್ಲಿ ಸತ್ತ ಹುಲಿಯ ಬಳಿ ನಿಂತಿರುವ ರಾಜಾ ದೀನ್ ದಯಾಳರ ಛಾಯಾಚಿತ್ರವನ್ನು ಅನೇಕರು ನೋಡಿರಬಹುದು. ಅಂಥವರಿಗೆ ಬೋರಿನ ಆಯ್ಕೆ ಇತ್ತು. ಹಳ್ಳಿಯ ಬೇಟೆಗಾರನಿಗೆ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಹಳೆಯ ತೋಡೆದಾರ್, ಇಲ್ಲವೇ ಮುಂಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕು. ಸೀಸ ಸಿಗದಿದ್ದರೆ ಕಬ್ಬಿಣದ ಚೂರು.

1907ರ ಸುಮಾರಿಗೆ ಈ ಭಯ ಸಾಹೇಬರ ಬಂದೂಕಿಗೂ ತಟ್ಟಿತು. .450 ಬೋರಿನ ರೈಫಲು ಮತ್ತು ತೋಟಾಗಳನ್ನು ಭಾರತಕ್ಕೆ ತರುವುದನ್ನು ಸರ್ಕಾರ ನಿಷೇಧಿಸಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ಬೋರೂ ಅದೇ ಅಳತೆ. ಬೇಟೆಯ ತೋಟಾ ಬಿಚ್ಚಿ ಅದರ ಗುಂಡನ್ನು ಬಂಡುಕೋರರು ತಮ್ಮ ಕೈಯ ಮಾರ್ಟಿನಿಗೆ ಬಳಸಿಯಾರು ಎಂಬ ಅಂಜಿಕೆ. ಲಂಡನ್ನಿನ ಕಂಪನಿಗಳು ಸುಮ್ಮನೆ ಕೂಡಲಿಲ್ಲ. ಬೋರನ್ನು ಕೂದಲೆಳೆಯಷ್ಟು ಹಿಗ್ಗಿಸಿ .465, .470, .475, .476 ಎಂದು ಹೊಸ ಹೊಸ ರೈಫಲು ಮಾರಿದವು. ಇವತ್ತಿಗೂ ಆಫ್ರಿಕಾದ ದೊಡ್ಡ ಬೇಟೆಗೆ .470 ಹೆಸರಾಗಿದೆ. ಅದು ಹೆಸರಾಗಲು ಆನೆಯ ಚರ್ಮದ ದಪ್ಪಕ್ಕಿಂತ ಭಾರತದ ಪ್ರಜೆಗಳ ಬಗ್ಗೆ ಸರ್ಕಾರಕ್ಕಿದ್ದ ಅಪನಂಬಿಕೆಯೇ ಹೆಚ್ಚಿನ ಕಾರಣ.

ಈ ಅಪನಂಬಿಕೆಗೆ ದಂಡ ತೆತ್ತವರು ಯಾರು? ಒಂದು ಉದಾಹರಣೆ ಸಾಕು. ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ ನೇಪಾಳ ಮತ್ತು ಕುಮಾವೂನಿನಲ್ಲಿ 436 ಜನರನ್ನು ಕೊಂದಿತ್ತೆಂದು ಅವರ ಬರಹದಲ್ಲಿದೆ. ಸತ್ತ ಮೇಲೆ ನೋಡಿದರೆ ಅದರ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧ, ಕೆಳಗಿನದು ಬುಡದವರೆಗೆ ಮುರಿದಿತ್ತು. ಹಿಂದೆಂದೋ ಯಾರೋ ಹೊಡೆದ ಗುಂಡಿನ ಗಾಯ. ಆ ಗಾಯದಿಂದಾಗಿ ಸಹಜ ಬೇಟೆ ಹಿಡಿಯಲಾಗದೆ ಅದು ಮನುಷ್ಯರ ಕಡೆ ತಿರುಗಿತು ಎಂದು ಕಾರ್ಬೆಟ್ ಹೇಳುತ್ತಾರೆ. ಶಿಕಾರಿ ಸಾಹಿತ್ಯದಲ್ಲಿ ಇಂಥ ಗಾಯಗಳಿಗೆ ಹಳ್ಳಿಗರ ಹಾಳು ಬಂದೂಕನ್ನು ದೂರುವ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ಅವರ ಕೈಯಲ್ಲಿ ಹಾಳು ಬಂದೂಕೇ ಉಳಿಯುವಂತೆ ಮಾಡಿದ ಕಾಯ್ದೆಯ ಮಾತು ಅಷ್ಟಾಗಿ ಬರುವುದಿಲ್ಲ. ಸಾಹೇಬರ ಗುಂಡೂ ಗುರಿ ತಪ್ಪುತ್ತಿತ್ತು. ಗಾಯಗೊಂಡ ಹುಲಿ ಉಳಿದುಹೋಗುತ್ತಿದ್ದದ್ದು ಹಳ್ಳಿಯ ಪಕ್ಕದಲ್ಲಿ. ಸಾಹೇಬರ ಬಿಡಾರ ಮರುದಿನ ಎದ್ದು ಹೋಗುತ್ತಿತ್ತು.

ನಮ್ಮ ಸೀಮೆಗೆ ಬಂದರೆ ಲೆಕ್ಕ ಸ್ವಲ್ಪ ಬೇರೆ. ರಾಯಚೂರು, ಮಾನ್ವಿ, ದೇವದುರ್ಗ ಆನೆ-ಕಾಡುಕೋಣಗಳ ನಾಡಲ್ಲ. ಇಲ್ಲಿ ಎರಡು ಬಗೆಯ ಭೂಮಿ. ಒಂದು, ಬಂಡೆ ಮೇಲೆ ಬಂಡೆ ಪೇರಿಸಿದಂಥ ಗುಡ್ಡಗಳು. ಅಲ್ಲಿ ಕರಡಿ, ಚಿರತೆ, ಹಂದಿ. ಕರಡಿಗುಡ್ಡ ಎಂಬ ಹೆಸರಿನ ಊರೂ ನಮ್ಮಲ್ಲಿದೆ. ಇನ್ನೊಂದು, ಕಣ್ಣು ಹಾಯುವವರೆಗೂ ಎರೆ ಹೊಲ. ಅಲ್ಲಿ ಕೃಷ್ಣಮೃಗ. ಗುಡ್ಡದಲ್ಲಿ ಪ್ರಾಣಿ ಎದುರಾಗುವುದು ಹತ್ತು-ಇಪ್ಪತ್ತು ಹೆಜ್ಜೆಯಲ್ಲಿ. ಅಲ್ಲಿ 12 ಬೋರಿನ ಜೋಡು ನಳಿಗೆ ಬಂದೂಕು, ಒಂದರಲ್ಲಿ ದೊಡ್ಡ ಚರೆಯ ಎಲ್‌ಜಿ ತೋಟಾ, ಇನ್ನೊಂದರಲ್ಲಿ ಇಡೀ ಗುಂಡು ಇದ್ದರೆ ಸಾಕು. ಬಯಲಿನಲ್ಲಿ 35-40 ಕಿಲೋ ತೂಗುವ ಕೃಷ್ಣಮೃಗಕ್ಕೆ ದೂರ ಹಾಯುವ ಸಣ್ಣ ಬೋರಿನ ರೈಫಲು. .450 ಇಲ್ಲಿ ಮದ್ದಿನ ದಂಡ. ದಖ್ಖನಿನ ದೊರೆಗಳು ಕೃಷ್ಣಮೃಗದ ಬೇಟೆಗೆ ಚೀತಾವನ್ನೂ ಬಳಸುತ್ತಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿದ ಚೀತಾವನ್ನು ಎತ್ತಿನ ಬಂಡಿಯಲ್ಲಿ ಒಯ್ದು ಹಿಂಡಿನ ಮೇಲೆ ಬಿಡುತ್ತಿದ್ದರು. ಸಾಕಲೆಂದು ಹಿಡಿದೂ ಶೋಕಿಗೆಂದು ಹೊಡೆದೂ ಚೀತಾ ಸಂತತಿ ಕರಗಿತು. 1952ರಲ್ಲಿ ಅದು ಭಾರತದಲ್ಲಿ ಅಳಿದುಹೋಯಿತೆಂದು ಘೋಷಣೆಯಾಯಿತು. 2022ರಲ್ಲಿ ಮಧ್ಯಪ್ರದೇಶದ ಕುನೋಗೆ ನಮೀಬಿಯಾದಿಂದ ತರಿಸಬೇಕಾಯಿತು.

ಮುಸ್ಲಿಮ್ ಬೇಟೆಗಾರನಿಗೆ ಇನ್ನೊಂದು ಪ್ರಶ್ನೆಯೂ ಇತ್ತು. ಪೆಟ್ಟು ಬಿದ್ದು ಸತ್ತ ಪ್ರಾಣಿಯನ್ನು ಕುರ್‌ಆನಿನ ಐದನೆಯ ಅಧ್ಯಾಯ ನಿಷಿದ್ಧವೆನ್ನುತ್ತದೆ. ಬಾಣದ ಮೊನೆಯಂತೆ ಹರಿತವಾಗಿ ಚುಚ್ಚಿದರೆ ಆ ಮಾತು ಬೇರೆ. ಹಾಗಾದರೆ ಬಂದೂಕಿನ ಗುಂಡು ಚುಚ್ಚುತ್ತದೆಯೋ, ಜಜ್ಜುತ್ತದೆಯೋ? ಯಮನಿನ ವಿದ್ವಾಂಸ ಶೌಕಾನಿ ಗುಂಡು ಚುಚ್ಚಿ ಹೋಗುತ್ತದೆ, ಆದ್ದರಿಂದ ಹಲಾಲ್ ಎಂದರು. ನಮ್ಮ ದೇಶದ ಹನಫಿ ಉಲೇಮಾಗಳಲ್ಲಿ ಹೆಚ್ಚಿನವರು ಗುಂಡು ತನ್ನ ಹೊಡೆತದ ಬಲದಿಂದ ಕೊಲ್ಲುತ್ತದೆ, ಜೀವ ಇರುವಾಗಲೇ ಜಬಹ್ ಮಾಡಬೇಕು ಎಂದರು. ಆದ್ದರಿಂದ ತಿನ್ನಲೆಂದು ಜಿಂಕೆ ಹೊಡೆಯುವವನು ಬಂದೂಕಿನ ಜೊತೆ ಚೂರಿಯನ್ನೂ ಒಯ್ಯಬೇಕು, ಗುಂಡು ಬಿದ್ದೊಡನೆ ಓಡಬೇಕು. ಇಂಗ್ಲಿಷ್ ಪುಸ್ತಕಗಳು ಪ್ರಾಣಿಯನ್ನು ಬಿದ್ದಲ್ಲೇ ಕೊಲ್ಲುವ ಬೋರನ್ನು ಹುಡುಕಿದರೆ, ಇವನಿಗೆ ಬೇಕಾದದ್ದು ಬೀಳಿಸಿಯೂ ಒಂದು ಗಳಿಗೆ ಉಸಿರು ಉಳಿಸುವ ಗುಂಡು. ಶೋಕಿಗಾಗಿ ಕೊಂದು ಬಿಸಾಡುವುದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ ಎಂಬುದನ್ನು ಗಮನಿಸಬೇಕು.

ಸ್ವಾತಂತ್ರ್ಯದ ನಂತರ 1959ರ ಆಯುಧ ಕಾಯ್ದೆ ಬಂತು. ಸೈನ್ಯದ .303 ಜನಸಾಮಾನ್ಯರಿಗೆ ನಿಷಿದ್ಧ. ಬೆಳೆ ಕಾಯಲೆಂದು, ಜೀವ ಕಾಯಲೆಂದು ಲೈಸೆನ್ಸ್ ಸಿಕ್ಕರೆ 12 ಬೋರು ಅಥವಾ ಸರ್ಕಾರಿ ಕಾರ್ಖಾನೆಯ .315 ರೈಫಲು. ಚುನಾವಣೆ ಬಂದಾಗ ಅದನ್ನೂ ಠಾಣೆಗೆ ಒಪ್ಪಿಸಿ ಬರುವುದು ರೂಢಿ. ಇತ್ತ ಪ್ರಾಣಿಗಳ ನೆಲೆಯೂ ಬದಲಾಯಿತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತು, ಎಡದಂಡೆ ಕಾಲುವೆ ಮಾನ್ವಿಯ ಕಡೆ ಹರಿದು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಜನರ ಹೊಟ್ಟೆ ತುಂಬಿತು. ಅದನ್ನು ಬೇಡವೆನ್ನಲಾಗದು. ಆದರೆ ಕೃಷ್ಣಮೃಗದ ಬಯಲು ಮತ್ತು ಚಿರತೆಯ ಕುರುಚಲು ಕಾಡನ್ನು ಯಾವ ಬೋರಿನ ಬಂದೂಕೂ ಇಷ್ಟು ಬೇಗ ಖಾಲಿ ಮಾಡಿರಲಿಲ್ಲ.

ಇಂದು ಮನುಷ್ಯನ ಜೀವಕ್ಕೆ ಅಪಾಯವಾದ ಪ್ರಾಣಿಯ ವಿಷಯದಲ್ಲಿ 1972ರ ಕಾಯ್ದೆಯ 11ನೇ ಕಲಮಿನಂತೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅಪ್ಪಣೆ ಬೇಕು. ಮೊದಲ ಯತ್ನ ಬೋನು, ಬಲೆ, ಅರಿವಳಿಕೆಯ ಬಂದೂಕು. ಅರಿವಳಿಕೆಗೂ ಹಳೆಯದೇ ಲೆಕ್ಕ: ಪ್ರಾಣಿಯ ತೂಕ ಎಷ್ಟು, ಔಷಧ ಎಷ್ಟು, ಎಷ್ಟು ದೂರದಿಂದ, ಮೈಯ ಯಾವ ಭಾಗಕ್ಕೆ. ಕಡಿಮೆಯಾದರೆ ಚಿರತೆ ಮೈಮೇಲೆ ಬರುತ್ತದೆ, ಹೆಚ್ಚಾದರೆ ಮತ್ತೆ ಏಳುವುದಿಲ್ಲ. ಬಲ್ಲ ವೈದ್ಯರು ಮತ್ತು ಸಲಕರಣೆ ಬೇಗ ಬಂದರೆ ಪ್ರಾಣಿಯೂ ಉಳಿಯುತ್ತದೆ, ಊರೂ ಉಳಿಯುತ್ತದೆ. ಬರುವುದು ತಡವಾದರೆ ಕಲ್ಲು, ಬಡಿಗೆ ಹಿಡಿದ ಗುಂಪೇ ತೀರ್ಮಾನ ಮಾಡುತ್ತದೆ.

ಹಂದಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ರಾತ್ರಿ ಹೊಲ ಹಾಳಾದರೆ ಪರಿಹಾರದ ಅರ್ಜಿ, ಅಪ್ಪಣೆಯ ಅರ್ಜಿ ಎರಡೂ ದೂರದ ದಾರಿ. ಹತಾಶ ರೈತ ಬೇಲಿಗೆ ಕರೆಂಟು ಕೊಡುತ್ತಾನೆ, ಇಲ್ಲವೇ ಯಾರೋ ಹಿಟ್ಟಿನುಂಡೆಯಲ್ಲಿ ಸಿಡಿಮದ್ದು ಇಡುತ್ತಾರೆ. ಹಂದಿಯ ದವಡೆ ಹಾರಿಹೋಗುತ್ತದೆ, ದನ ತಿಂದರೆ ದನದ್ದೂ ಹೋಗುತ್ತದೆ, ಬೇಲಿ ಮುಟ್ಟಿದ ಮನುಷ್ಯನೂ ಸಾಯುತ್ತಾನೆ. ಚಂಪಾವತದ ಹುಲಿಯ ಮುರಿದ ಹಲ್ಲಿಗೂ ಈ ಹಂದಿಯ ದವಡೆಗೂ ಸಂಬಂಧ ಇದೆ ಎಂದು ನಮಗೆ ತೋರುತ್ತದೆ. ನ್ಯಾಯವಾದ ದಾರಿ ದೂರವಾದಾಗ ಬಡವನ ಕೈಗೆ ಸಿಗುವುದು ಕ್ರೂರವಾದ ದಾರಿ. ಆಮೇಲೆ ಕ್ರೌರ್ಯದ ಆರೋಪವೂ ಅವನ ಮೇಲೆಯೇ ಬರುತ್ತದೆ.

ಬೇಟೆ ಮತ್ತೆ ಬರಲಿ ಎಂದು ನಾವು ಹೇಳುತ್ತಿಲ್ಲ. ಬರಬಾರದು. ಆದರೆ ಬಂದೂಕು ಕಿತ್ತುಕೊಂಡ ಮೇಲೆ ಬೆಳೆ ಕಾಯುವ ಹೊಣೆಯನ್ನು ಕಿತ್ತುಕೊಂಡವರೇ ಹೊರಬೇಕಲ್ಲವೇ? ತಾಲೂಕಿಗೊಂದು ತರಬೇತಾದ ರಕ್ಷಣಾ ತಂಡ, ವಾರದೊಳಗೆ ಕೈಗೆ ಬರುವ ಬೆಳೆ ಪರಿಹಾರ, ಗುಡ್ಡದ ಸುತ್ತ ಗಣಿ-ಕ್ವಾರಿಗೆ ಬಿಡದೆ ಉಳಿಸಿದ ಒಂದಿಷ್ಟು ಕುರುಚಲು. ಕರಡಿಗಳಿಗಾಗಿ 1994ರಲ್ಲಿ ದರೋಜಿಯಲ್ಲಿ ಧಾಮ ಮಾಡಿದ್ದು ನಮ್ಮ ರಾಜ್ಯವೇ. ಮಾನ್ವಿ, ದೇವದುರ್ಗದ ಗುಡ್ಡಗಳಲ್ಲಿ ಇನ್ನೂ ಉಳಿದಿರುವ ಪ್ರಾಣಿಗಳಿಗೆ ಮತ್ತು ಅವುಗಳ ಕೆಳಗೆ ಹೊಲ ಮಾಡುವ ಜನರಿಗೆ ಇಷ್ಟು ಮಾಡುವುದು ಅಸಾಧ್ಯವೇನಲ್ಲ.